ಸೆಲ್ಬರ್ನಿನ ಹಿತ್ತಿಲೂ ಕವಲುತೋಕೆಯ ವಿವಾದವೂ

೧

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ನಮ್ಮ ನಾಡಿನಲ್ಲಿ ಸುಪ್ರಸಿದ್ಧವಾದುದು. ಇದರಲ್ಲಿ ದೂಷಣೆಗೆ ಗುರಿಯಾಗಿರುವುದು ಗಿಡದ ಗುಣವಲ್ಲ, ಅದನ್ನು ದಿನವೂ ಹಾದುಹೋಗುವವನ ಕಣ್ಣು. ದೂರದಲ್ಲಿರುವುದಕ್ಕೆ ಬೆಲೆಯನ್ನೂ ಹತ್ತಿರದಲ್ಲಿರುವುದಕ್ಕೆ ಉಪೇಕ್ಷೆಯನ್ನೂ ಕೊಡುವ ಈ ಸ್ವಭಾವವು ಮನೆಮದ್ದಿಗೆ ಮಾತ್ರವೇ ಅನ್ವಯಿಸುವುದಿಲ್ಲ. ವಿದ್ವಾಂಸರ ವ್ಯಾಸಂಗಕ್ಕೂ ಅನ್ವಯಿಸುತ್ತದೆ. ರಾಜರ ದಂಡಯಾತ್ರೆಗಳನ್ನು ತಿಥಿವಾರ ಸಹಿತವಾಗಿ ನಿರ್ಣಯಿಸಲು ನಾವು ಪಡುವ ಶ್ರಮ ಅಪಾರವಾದುದು. ಆದರೆ ಮನೆಯ ಹಿಂದಿನ ಬಾವಿಕಟ್ಟೆಯ ಬಳಿ ಚಳಿಗಾಲವೆಲ್ಲ ಬಾಲ ಕುಣಿಸುತ್ತಿದ್ದ ಸಿಪಿಲೆ ಹಕ್ಕಿಯು ಯಾವ ದಿನ ಬಂದಿತು, ಯಾವ ದಿನ ಹೋಯಿತು ಎಂಬುದನ್ನು ಬರೆದಿಟ್ಟವರು ವಿರಳ.

ಇಂತಹ ಅಲ್ಪವಾದ ಸಂಗತಿಗಳನ್ನು ನಲವತ್ತು ವರ್ಷಗಳಿಗೂ ಮೀರಿ ತಪ್ಪದೆ ಬರೆದಿಟ್ಟ ಒಬ್ಬ ಗ್ರಾಮವಾಸಿಯ ಚರಿತ್ರೆಯನ್ನು ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ. ಆತನು ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದ ಸೆಲ್ಬರ್ನ್ ಎಂಬ ಹಳ್ಳಿಯ ಗಿಲ್ಬರ್ಟ್ ವೈಟ್. ಆತನ ಗ್ರಂಥದ ಹೊಗಳಿಕೆಯು ಬೇಕಾದಷ್ಟು ನಡೆದಿದೆ. ಇಲ್ಲಿ ವಿಚಾರಿಸತಕ್ಕ ಪ್ರಶ್ನೆಯು ಅದಕ್ಕಿಂತ ಸಂಕುಚಿತವಾದುದು: ಶಿಶಿರದ ಕೊನೆಯಲ್ಲಿ ತನ್ನ ಹಿತ್ತಿಲನ್ನು ಅಷ್ಟು ಸೂಕ್ಷ್ಮವಾಗಿ ನೋಡಿದವನು ಕವಲುತೋಕೆ ಹಕ್ಕಿಯು ಚಳಿಗಾಲವನ್ನು ಎಲ್ಲಿ ಕಳೆಯುವುದೆಂಬ ಒಂದೇ ವಿಷಯದಲ್ಲಿ ಜೀವಮಾನವೆಲ್ಲ ಸಂದೇಹದಲ್ಲಿ ಉಳಿದುದೇಕೆ? ಆತನ ಪ್ರತ್ಯಕ್ಷದಲ್ಲಿ ಕೊರತೆಯಿದ್ದಿತೆ, ಅನುಮಾನದಲ್ಲಿ ದೋಷವಿದ್ದಿತೆ, ಅಥವಾ ಆಪ್ತವಾಕ್ಯವೆಂದು ಹಿಡಿದ ಮಾತಿನಲ್ಲಿಯೇ ಮೋಸವಿದ್ದಿತೆ? ನಮ್ಮ ಶಾಸ್ತ್ರಕಾರರು ಪ್ರಮಾಣಗಳನ್ನು ವಿಂಗಡಿಸಿಕೊಟ್ಟಿರುವ ಕ್ರಮವು ಈ ವಿಚಾರಕ್ಕೆ ಬಹಳ ಅನುಕೂಲವಾಗಿದೆ.

೨

ವೈಟನು ೧೭೨೦ನೆಯ ಇಸವಿ ಜುಲೈ ೧೮ರಂದು ಸೆಲ್ಬರ್ನಿನಲ್ಲಿಯೇ ಹುಟ್ಟಿದನು. ಆತನ ತಾತನು ಆ ಊರಿನ ಪಾದ್ರಿಯಾಗಿದ್ದನು. ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ೧೭೪೪ರಲ್ಲಿ ಅಲ್ಲಿಯೇ ಫೆಲೋ ಎಂಬ ಗೌರವಸ್ಥಾನವನ್ನು ಪಡೆದನು. ಆದರೆ ಸೆಲ್ಬರ್ನಿನ ಮುಖ್ಯ ಪಾದ್ರಿಯ ಪದವಿಯನ್ನು ಕೊಡುವ ಅಧಿಕಾರವು ಮ್ಯಾಗ್ಡಲೆನ್ ಕಾಲೇಜಿಗೆ ಸೇರಿದ್ದ ಕಾರಣ, ಮತ್ತೊಂದು ಕಾಲೇಜಿನವನಾದ ಆತನಿಗೆ ಆ ಪದವಿ ದೊರೆಯಲಿಲ್ಲ. ಉಪಪಾದ್ರಿಯಾಗಿಯೇ ಕೆಲಸ ಮಾಡುತ್ತ, 'ದಿ ವೇಕ್ಸ್' ಎಂಬ ಮನೆಯಲ್ಲಿ ಅವಿವಾಹಿತನಾಗಿ ಬಾಳಿ, ೧೭೯೩ನೆಯ ಇಸವಿ ಜೂನ್ ೨೬ರಂದು ಅಲ್ಲಿಯೇ ತೀರಿಕೊಂಡನು. ಮನೆಯ ಹಿಂದೆ ತೋಟ. ತೋಟದ ಆಚೆಗೆ ಬೀಚ್ ಮರಗಳಿಂದ ಮುಚ್ಚಿದ ಹ್ಯಾಂಗರ್ ಎಂಬ ಕಡಿದಾದ ಗುಡ್ಡ. ಆತನ ಪ್ರಪಂಚವು ಹೆಚ್ಚು ಕಡಮೆ ಇಷ್ಟೇ.

ಆತನು ಬರೆಯಲು ಆರಂಭಿಸಿದ್ದು ಹಕ್ಕಿಗಳ ವಿಷಯವನ್ನಲ್ಲ. ೧೭೫೧ರಲ್ಲಿ ತೊಡಗಿದ ಮೊದಲ ದಿನಚರಿಯು ತೋಟಗಾರನ ಲೆಕ್ಕದ ಪುಸ್ತಕ: ಯಾವ ದಿನ ಯಾವ ಬೀಜವನ್ನು ಬಿತ್ತಿದುದು, ಗೊಬ್ಬರದ ಪಾತಿ ಎಷ್ಟು ಬಿಸಿಯೇರಿದುದು, ಸೌತೆಯ ಬಳ್ಳಿಗೆ ಹಿಮ ತಗಲಿದುದು ಮುಂತಾದ ವಿಷಯಗಳು. ೧೭೬೮ರಿಂದ ಇದು ಬೇರೊಂದು ರೂಪವನ್ನು ತಾಳಿತು. ಡೇನ್ಸ್ ಬ್ಯಾರಿಂಗ್ಟನ್ ಎಂಬ ನ್ಯಾಯಾಧೀಶನು ಪ್ರಕೃತಿಯ ವೀಕ್ಷಣೆಗಾಗಿ ಅಂಕಣಗಳನ್ನು ಹಾಕಿದ ಅಚ್ಚಿನ ಪುಸ್ತಕವೊಂದನ್ನು ರೂಪಿಸಿ ವೈಟನಿಗೆ ಕಳುಹಿಸಿದನು. ಗಾಳಿಯ ದಿಕ್ಕು, ಉಷ್ಣಮಾಪಕದ ಅಂಕ, ವಾಯುಭಾರ, ಮಳೆ, ಎಲೆ ಚಿಗುರಿದ ಮರ, ಹೂ ಬಿಟ್ಟ ಗಿಡ, ಕಾಣಿಸಿಕೊಂಡ ಹಕ್ಕಿ, ಮರೆಯಾದ ಹಕ್ಕಿ, ಹೀಗೆ ಒಂದೊಂದಕ್ಕೂ ಒಂದೊಂದು ಮನೆ. ಈ ಪುಸ್ತಕವನ್ನು ವೈಟನು ಸಾಯುವವರೆಗೂ, ಇಪ್ಪತ್ತೈದು ವರ್ಷಗಳ ಕಾಲ, ತುಂಬುತ್ತ ಬಂದನು. ಅಂಕಣವು ಮನೆಯಂತೆ, ಖಾಲಿ ಬಿಟ್ಟರೆ ಕಣ್ಣಿಗೆ ಹೊಡೆಯುತ್ತದೆ. ಇಂದು ಏನನ್ನೂ ಕಾಣಲಿಲ್ಲವೆಂಬುದೂ ಒಂದು ಸಂಗತಿಯೆಂದು ಆತನಿಗೆ ಕಲಿಸಿದುದು ಆ ಬರಿದಾದ ಮನೆಗಳೇ ಇರಬೇಕು.

ಈ ದಿನಚರಿಯ ಸಾರವನ್ನು ಆತನು ಥಾಮಸ್ ಪೆನೆಂಟನಿಗೂ ಬ್ಯಾರಿಂಗ್ಟನ್ನನಿಗೂ ಕಾಗದಗಳ ರೂಪದಲ್ಲಿ ಬರೆದನು. ಮೊದಲನೆಯವನಿಗೆ ೪೪, ಎರಡನೆಯವನಿಗೆ ೬೬, ಒಟ್ಟು ೧೧೦ ಪತ್ರಗಳು ಸೇರಿ, ಸೆಲ್ಬರ್ನಿನ ನಿಸರ್ಗ ಚರಿತ್ರೆ ಮತ್ತು ಪ್ರಾಚೀನ ವಸ್ತುಗಳೆಂಬ ಹೆಸರಿನಿಂದ ೧೭೮೯ನೆಯ ವರ್ಷವನ್ನು ಹೊತ್ತು ಲಂಡನ್ನಿನಲ್ಲಿ ಪ್ರಕಟವಾದವು. ಪ್ರಕಾಶಕನು ಆತನ ಸಹೋದರನಾದ ಬೆಂಜಮಿನ್ ವೈಟ್. ಇವುಗಳಲ್ಲಿ ಕೆಲವು ಅಂಚೆಗೆ ಹೋಗದೆ ಗ್ರಂಥಕ್ಕಾಗಿಯೇ ರಚಿತವಾದವು. ಗ್ರಂಥದ ಉತ್ತರಭಾಗವು ಸೆಲ್ಬರ್ನಿನ ಹಳೆಯ ಸಂನ್ಯಾಸಿಮಠದ ದಾಖಲೆಗಳನ್ನು ಕುರಿತದ್ದೆಂಬುದನ್ನು ನಮ್ಮ ಸಂಶೋಧಕರು ಗಮನಿಸಬೇಕು. ಶಾಸನವನ್ನು ಓದುವ ಕೈಯೂ ಹಕ್ಕಿಯ ಬರವನ್ನು ಗುರುತಿಸುವ ಕೈಯೂ ಇಲ್ಲಿ ಒಂದೇ. ಹಳ್ಳಿಯ ಚರಿತ್ರೆಯೆಂದರೆ ಅಲ್ಲಿಯ ದಾನಪತ್ರಗಳಷ್ಟೇ ಅಲ್ಲಿಯ ಜೀವಿಗಳ ಬರಹೋಗುಗಳೂ ಎಂಬ ಭಾವನೆಯು ಆ ಗ್ರಂಥದ ರಚನೆಯಲ್ಲಿಯೇ ಅಡಗಿದೆ.

೩

ಇಂಗ್ಲೆಂಡಿನಲ್ಲಿ ಜನವರಿಯ ಕೊನೆಯಿಂದ ಮಾರ್ಚಿಯವರೆಗಿನ ಕಾಲವು ಹೆಚ್ಚು ಕಡಮೆ ನಮ್ಮ ಶಿಶಿರ ಋತುವಿಗೆ ಸಮವಾದುದು. ನಮ್ಮಲ್ಲಿ ಆಗ ಎಲೆಯುದುರಿ ಬಿಸಿಲು ಬಲಿಯತೊಡಗುತ್ತದೆ. ಅಲ್ಲಿ ಹಿಮವು ಕರಗುವುದೋ ಮತ್ತೆ ಬೀಳುವುದೋ ಎಂಬ ಅನಿಶ್ಚಯ. ಹಕ್ಕಿಗಳಿಗೆ ಇದು ಅತ್ಯಂತ ಕಷ್ಟದ ಕಾಲ. ಶರತ್ಕಾಲದ ಕಾಳು ಹಣ್ಣುಗಳು ಮುಗಿದಿರುತ್ತವೆ. ವಸಂತದ ಹುಳುಗಳು ಇನ್ನೂ ಹುಟ್ಟಿರುವುದಿಲ್ಲ. ಆದಕಾರಣ ಕಾಡಿನ ಹಕ್ಕಿಗಳು ಮನೆಗಳ ಸಮೀಪಕ್ಕೆ ಬರುತ್ತವೆ. ಹಿತ್ತಿಲಿನಲ್ಲಿ ಕುಳಿತವನಿಗೆ ವರ್ಷದ ಬೇರೆ ಯಾವ ಕಾಲದಲ್ಲಿಯೂ ದೊರೆಯದ ನೋಟವು ಆಗ ದೊರೆಯುತ್ತದೆ.

ಮೃದುವಾದ ಕೊಕ್ಕಿನ, ಹುಳುಗಳನ್ನೇ ತಿನ್ನುವ ಹಕ್ಕಿಗಳು ಹುಳುಗಳಿಲ್ಲದ ಕಾಲದಲ್ಲಿ ಬದುಕುವುದು ಹೇಗೆಂಬ ಪ್ರಶ್ನೆಯನ್ನು ವೈಟನು ಎತ್ತಿಕೊಂಡನು. ಆತನ ಉತ್ತರವು ಗ್ರಂಥಾವಲೋಕನದಿಂದ ಬಂದುದಲ್ಲ. ನಮ್ಮ ಚೇಕಡಿ ಹಕ್ಕಿಯ ಹತ್ತಿರದ ಬಂಧುವಾದ ದೊಡ್ಡ ಟಿಟ್ ಹಕ್ಕಿಯು ಹಿಮದ ದಿನಗಳಲ್ಲಿ ಹುಲ್ಲುಮನೆಯ ಸೂರಿಗೆ ತಲೆಕೆಳಗಾಗಿ ಜೋತು, ಒಂದೊಂದೇ ಹುಲ್ಲುಕಡ್ಡಿಯನ್ನು ಉದ್ದಕ್ಕೆ ಎಳೆದು, ಅದರ ಸಂದಿನಲ್ಲಿ ಅಡಗಿದ್ದ ನೊಣಗಳನ್ನು ಹೆಕ್ಕುವುದನ್ನು ಆತನು ಕಂಡನು. ನೀಲಿಯ ಟಿಟ್ ಹಕ್ಕಿಯು ತಿಪ್ಪೆಯ ಮೇಲಿನ ಎಲುಬುಗಳನ್ನು ಕುಕ್ಕಿ ಕೊಬ್ಬನ್ನು ತಿನ್ನುವುದನ್ನು ಬರೆದನು. ಕೆಂಪೆದೆಯ ರಾಬಿನ್ ಮತ್ತು ಪುಟ್ಟ ರೆನ್ ಹಕ್ಕಿಗಳು ಲಾಯಗಳಿಗೂ ಕಣಜಗಳಿಗೂ ನುಗ್ಗಿ ಜೇಡಗಳನ್ನು ಹುಡುಕುವುದನ್ನೂ, ಸಿಪಿಲೆಗಳು ಎಂದೂ ಹೆಪ್ಪುಗಟ್ಟದ ಊಟೆಯ ತೊರೆಗಳ ಬದಿಯಲ್ಲಿ ನೀರುಹುಳುಗಳ ಕೋಶಗಳನ್ನು ಹೆಕ್ಕುವುದನ್ನೂ ಗುರುತಿಸಿದನು. ಇವೆಲ್ಲಕ್ಕೂ ಮಿಗಿಲಾಗಿ, ಮರದ ತೊಗಟೆಗೂ ಗೋಡೆಗೂ ಅಂಟಿಕೊಂಡಿರುವ ಚಿಟ್ಟೆ ಪತಂಗಗಳ ಅಸಂಖ್ಯ ಕೋಶಗಳೇ ಈ ಹಕ್ಕಿಗಳ ಮುಖ್ಯಾಧಾರವೆಂದು ನಿರ್ಣಯಿಸಿದನು. ಹುಳುಗಳಿಲ್ಲವೆಂದು ನಾವು ಹೇಳುವ ಕಾಲದಲ್ಲಿ ಹುಳುಗಳು ಬೇರೊಂದು ರೂಪದಲ್ಲಿ ಇದ್ದೇ ಇವೆಯೆಂಬುದು ಇದರ ತಾತ್ಪರ್ಯ.

ಮತ್ತೊಂದು ಉದಾಹರಣೆ. ಚಳಿಗಾಲದಲ್ಲಿ ಸೆಲ್ಬರ್ನಿನ ಹೊಲಗಳಿಗೆ ಬರುವ ಚಾಫಿಂಚ್ ಹಕ್ಕಿಗಳ ದೊಡ್ಡ ಹಿಂಡುಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಹೆಣ್ಣುಗಳೇ ಆಗಿರುವುದನ್ನು ವೈಟನು ಕಂಡು, ೧೭೬೮ರ ಆರಂಭದಲ್ಲಿ ಪೆನೆಂಟನಿಗೆ ತಿಳಿಸಿದನು. ಇತ್ತ ಸ್ವೀಡನ್ನಿನ ಮಹಾವಿದ್ವಾಂಸನಾದ ಲಿನೇಯಸ್ಸನು ತನ್ನ ದೇಶದಲ್ಲಿ ಹೆಣ್ಣುಗಳು ಹೊರಟುಹೋಗಿ ಗಂಡುಗಳು ಮಾತ್ರ ಉಳಿಯುವುದನ್ನು ಕಂಡು ಈ ಜಾತಿಗೆ ಬ್ರಹ್ಮಚಾರಿಯೆಂಬ ಅರ್ಥದ ಲ್ಯಾಟಿನ್ ಹೆಸರನ್ನಿಟ್ಟಿದ್ದನು. ಸ್ವೀಡನ್ನಿನಲ್ಲಿ ಕಾಣದಾದುದು ಹ್ಯಾಂಪ್‌ಷೈರಿನಲ್ಲಿ ಕಾಣಿಸಿತು. ಎರಡು ಊರುಗಳ ಅರೆಬರೆ ಸಾಕ್ಷ್ಯಗಳು ಒಂದನ್ನೊಂದು ಪೂರ್ಣಗೊಳಿಸಿ, ಹೆಣ್ಣುಗಳು ಗಂಡುಗಳಿಗಿಂತ ದೂರಕ್ಕೆ ವಲಸೆ ಹೋಗುತ್ತವೆಂಬ ತತ್ತ್ವವನ್ನು ಸಿದ್ಧಪಡಿಸಿದವು. ಒಂದು ಹಿತ್ತಿಲಿನ ಇಲ್ಲವೆಂಬುದಕ್ಕೆ ಮತ್ತೊಂದು ಹಿತ್ತಿಲಿನ ಇದೆಯೆಂಬುದು ಉತ್ತರವಾಗಬಲ್ಲುದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಕವಲುತೋಕೆಯ ವಿವಾದದ ಬೀಗದ ಕೈಯೂ ಇದೇ ಆಗಿದೆ.

ಸಾಕ್ಷಿಗಳನ್ನು ಪರೀಕ್ಷಿಸುವುದರಲ್ಲಿ ಆತನಿಗಿದ್ದ ಎಚ್ಚರಿಕೆಗೆ ೧೭೮೪ನೆಯ ಡಿಸೆಂಬರಿನ ಘೋರವಾದ ಚಳಿಯು ನಿದರ್ಶನ. ಸಮೀಪದ ನ್ಯೂಟನ್ ಎಂಬ ಊರು ಸೆಲ್ಬರ್ನಿಗಿಂತ ಎತ್ತರದಲ್ಲಿದೆ. ಎತ್ತರದ ಸ್ಥಳವು ಹೆಚ್ಚು ತಣ್ಣಗಿರಬೇಕೆಂಬುದು ಸಾಮಾನ್ಯ ಭಾವನೆ. ಆದರೆ ಅಲ್ಲಿಯ ಉಷ್ಣಮಾಪಕವು ಕಣಿವೆಯ ಸೆಲ್ಬರ್ನಿಗಿಂತ ಬಹಳ ಹೆಚ್ಚಿನ ಅಂಕವನ್ನು ತೋರಿಸಿತು. ವೈಟನು ಮೊದಲು ಸಂದೇಹಪಟ್ಟುದು ಉಪಕರಣವನ್ನೇ. ಎರಡು ಮಾಪಕಗಳನ್ನೂ ಒಂದೆಡೆ ಇಟ್ಟು ಹೋಲಿಸಿ ನೋಡಿದಾಗ ಅವು ಸಮವಾಗಿ ನಡೆದವು. ಕಣಿವೆಯ ನಿತ್ಯಹರಿತ ಗಿಡಗಳು ಸುಟ್ಟಂತೆ ಬಾಡಿದ್ದು, ಗುಡ್ಡದ ಮೇಲಿನವು ಹಸುರಾಗಿಯೇ ಉಳಿದದ್ದು ಎರಡನೆಯ ಸಾಕ್ಷ್ಯವಾಯಿತು. ತಣ್ಣನೆಯ ಗಾಳಿಯು ಭಾರವಾಗಿ ತಗ್ಗಿಗೆ ಇಳಿದು ನಿಲ್ಲುವುದೆಂಬ, ಇಂದು ಪವನಶಾಸ್ತ್ರದಲ್ಲಿ ಎಲ್ಲರೂ ಒಪ್ಪುವ ಸಂಗತಿಯು ಹೀಗೆ ಒಂದು ಹಿತ್ತಿಲಿನಲ್ಲಿ ದಾಖಲೆಯಾಯಿತು.

೪

ಇಷ್ಟು ಎಚ್ಚರಿಕೆಯುಳ್ಳವನು ಕವಲುತೋಕೆಯ ವಿಷಯದಲ್ಲಿ ಏಕೆ ತಡವರಿಸಿದನು? ವಿವಾದದ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದು ಆವಶ್ಯಕ.

ಯೂರೋಪಿನ ಕವಲುತೋಕೆಗಳು ಶರತ್ಕಾಲದಲ್ಲಿ ಮರೆಯಾಗಿ ಏಪ್ರಿಲಿನಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಕೆಲವು ಪೊಟರೆಗಳಲ್ಲಿ ಗರಿಯುದುರಿ ಅಡಗಿರುವುದುಂಟೆಂದು ಗ್ರೀಕ್ ತತ್ತ್ವಜ್ಞನಾದ ಅರಿಸ್ಟಾಟಲನು ಬರೆದಿದ್ದನು. ಸ್ವೀಡನ್ನಿನ ಓಲಾಸ್ ಮ್ಯಾಗ್ನಸ್ ಎಂಬ ಧರ್ಮಾಧಿಕಾರಿಯು ೧೫೫೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬೆಸ್ತರು ಚಳಿಗಾಲದ ಸರೋವರಗಳಿಂದ ಕವಲುತೋಕೆಗಳ ಮುದ್ದೆಗಳನ್ನು ಬಲೆಯಲ್ಲಿ ಎಳೆಯುವರೆಂದು ಹೇಳಿ ಅದಕ್ಕೊಂದು ಚಿತ್ರವನ್ನೂ ಸೇರಿಸಿದನು. ಈ ಹಕ್ಕಿಗಳು ನೀರಿನಡಿಯಲ್ಲಿ ಚಳಿಗಾಲವನ್ನು ಕಳೆಯುವುವೆಂಬ ಮತವನ್ನು ಲಿನೇಯಸ್ಸನಂತಹವನೂ ಒಪ್ಪಿದನು. ವೈಟನ ಮಿತ್ರನಾದ ಬ್ಯಾರಿಂಗ್ಟನ್ನನು ೧೭೭೨ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಪ್ರಬಂಧದಲ್ಲಿ ಸಮುದ್ರವನ್ನು ದಾಟುವ ವಲಸೆಯ ವಾದವನ್ನೇ ಖಂಡಿಸಿದನು. ಇದು ಶಿಶಿರನಿದ್ರೆಯ ಪಕ್ಷ.

ವಲಸೆಯ ಪಕ್ಷಕ್ಕೂ ಸಾಕ್ಷಿಗಳಿದ್ದರು. ಫ್ರಾನ್ಸಿನ ಅದಾನ್ಸನ್ ಎಂಬ ಪಂಡಿತನು ಸೆನೆಗಾಲಿನ ತೀರದಲ್ಲಿ ಯೂರೋಪಿನ ಕವಲುತೋಕೆಗಳನ್ನು ಚಳಿಗಾಲದಲ್ಲಿ ಕಂಡೆನೆಂದು ೧೭೫೭ರ ಗ್ರಂಥದಲ್ಲಿ ಬರೆದಿದ್ದನು. ಬ್ಯಾರಿಂಗ್ಟನ್ನನು ಆ ಸಾಕ್ಷ್ಯವನ್ನು ಒಪ್ಪಲಿಲ್ಲ. ವೈಟನ ಸಹೋದರನಾದ ಜಾನ್ ವೈಟನು ಜಿಬ್ರಾಲ್ಟರಿನ ಕೋಟೆಯಲ್ಲಿ ಪಾದ್ರಿಯಾಗಿದ್ದು, ವಸಂತದಲ್ಲಿ ಉತ್ತರಕ್ಕೂ ಶರತ್ತಿನಲ್ಲಿ ದಕ್ಷಿಣಕ್ಕೂ ಹಕ್ಕಿಗಳು ಜಲಸಂಧಿಯನ್ನು ದಾಟುವುದನ್ನು ಕಣ್ಣಾರೆ ಕಂಡು ತಿಳಿಸಿದನು. ಗಿಲ್ಬರ್ಟನು ಈ ಮಾತನ್ನು ನಂಬಿದನು. ವಲಸೆಯೆಂಬುದು ಉಂಟೆಂದು ಒಪ್ಪಿದನು. ಆದರೂ ಎಲ್ಲ ಕವಲುತೋಕೆಗಳೂ ಹೋಗುತ್ತವೆಂದು ಒಪ್ಪಲು ಆತನ ಮನಸ್ಸು ಹಿಂಜರಿಯಿತು. ಕೆಲವಾದರೂ, ಅದರಲ್ಲಿಯೂ ತಡವಾಗಿ ಹುಟ್ಟಿದ ಮರಿಗಳು, ಇಂಗ್ಲೆಂಡಿನಲ್ಲಿಯೇ ಎಲ್ಲಿಯೋ ಜಡವಾಗಿ ಮಲಗಿರಬಹುದೆಂಬ ಶಂಕೆ ಉಳಿಯಿತು.

ಈ ಶಂಕೆಗೆ ಆಧಾರಗಳೇನು? ಮೊದಲನೆಯದಾಗಿ, ನವೆಂಬರಿನ ಬೆಚ್ಚನೆಯ ದಿನಗಳಲ್ಲಿ, ಹಿಂಡುಗಳೆಲ್ಲ ಹೋದ ಎಷ್ಟೋ ವಾರಗಳ ಮೇಲೆ, ಒಂದೆರಡು ಹಕ್ಕಿಗಳು ಮತ್ತೆ ಕಾಣಿಸಿಕೊಳ್ಳುತ್ತಿದ್ದವು. ಎರಡನೆಯದಾಗಿ, ಏಪ್ರಿಲಿನಲ್ಲಿ ಮೊದಲು ಬಂದ ಹಕ್ಕಿಗಳು ಚಳಿ ಮರುಕಳಿಸಿದೊಡನೆ ಕೆಲವು ದಿನ ಮರೆಯಾಗುತ್ತಿದ್ದವು. ಅವು ದೂರದೇಶಕ್ಕೆ ಹಿಂದಿರುಗಿದುವೆನ್ನುವುದಕ್ಕಿಂತ ಸಮೀಪದ ಪೊಟರೆಯನ್ನು ಸೇರಿದುವೆನ್ನುವುದು ಸುಲಭವಾಗಿ ತೋರಿತು. ಮೂರನೆಯದು ಜನರ ಮಾತು. ಚರ್ಚಿನ ಗೋಪುರವನ್ನು ವಸಂತಾರಂಭದಲ್ಲಿ ಕೆಡವುವಾಗ ಕೆಲಸಗಾರರಿಗೆ ಸತ್ತಂತಿದ್ದ ಎರಡು ಮೂರು ಸ್ವಿಫ್ಟ್ ಹಕ್ಕಿಗಳು ದೊರೆತು, ಬೆಂಕಿಯ ಬಳಿ ಚೇತರಿಸಿಕೊಂಡವೆಂದು ಒಬ್ಬ ಪಾದ್ರಿಯು ತನ್ನ ಬಾಲ್ಯದ ನೆನಪನ್ನು ಹೇಳಿದನು. ಸಮುದ್ರತೀರದ ಸುಣ್ಣಕಲ್ಲಿನ ಬಂಡೆಯು ಒಂದು ಚಳಿಗಾಲದ ಬಿರುಗಾಳಿಯಲ್ಲಿ ಕುಸಿದಾಗ ಅದರೊಳಗೆ ಕವಲುತೋಕೆಗಳು ಸಿಕ್ಕಿದುವೆಂದು ಮತ್ತೊಬ್ಬನು ಹೇಳಿದನು. ಅವುಗಳನ್ನು ನೀನೇ ಕಂಡೆಯಾ ಎಂದು ವೈಟನು ಕೇಳಿದನು. ಇಲ್ಲ, ಕಂಡವರು ಹೇಳಿದರು ಎಂಬ ಉತ್ತರ ಬಂದಿತು. ತನಗಾದ ನಿರಾಶೆಯನ್ನೂ ವೈಟನು ಮುಚ್ಚಿಡದೆ ೧೭೬೭ರ ಪತ್ರದಲ್ಲಿ ಬರೆದಿದ್ದಾನೆ.

ಈ ಒಂದು ಪ್ರಶ್ನೆಯಲ್ಲಿ ವೈಟನ ಯೋಗ್ಯತೆಯೆಲ್ಲ ಅಡಗಿದೆ. ಓಲಾಸನಿಂದ ಲಿನೇಯಸ್ಸನವರೆಗೆ ಇನ್ನೂರು ವರ್ಷಗಳ ಕಾಲ ದೊಡ್ಡವರ ಬಾಯಿಂದ ಬಾಯಿಗೆ ಸಾಗಿದ ಮಾತಿಗೆ ಮೂಲದಲ್ಲಿ ಕಂಡವನು ಯಾರೆಂದು ಕೇಳಿದವರು ಕಡಮೆ. ಆಪ್ತವಾಕ್ಯವು ಪ್ರಮಾಣವೆಂಬುದು ನಿಜ. ಆದರೆ ಆಪ್ತನೆಂದರೆ ವಸ್ತುವನ್ನು ಇದ್ದಂತೆ ಬಲ್ಲವನು, ಬಲ್ಲಂತೆ ಹೇಳುವವನು. ಕೇಳಿದುದನ್ನು ಪ್ರಾಮಾಣಿಕವಾಗಿ ಹೇಳುವವನು ಸತ್ಯವಂತನಾಗಿರಬಹುದು; ಆ ವಿಷಯದಲ್ಲಿ ಆಪ್ತನಾಗಲಾರನು. ಹಸ್ತಪ್ರತಿಗಳ ಪರಂಪರೆಯನ್ನು ಶೋಧಿಸುವವರಿಗೆ ಈ ಭೇದವನ್ನು ವಿವರಿಸಬೇಕಾದುದಿಲ್ಲ. ಒಂದು ತಪ್ಪು ಪಾಠವನ್ನು ಹತ್ತು ಪ್ರತಿಗಳು ನಕಲು ಮಾಡಿದರೆ ಸಾಕ್ಷಿಗಳು ಹತ್ತಾಗುವುದಿಲ್ಲ.

೫

ವೈಟನ ಹಿತ್ತಿಲಿನಲ್ಲಿಯೇ ಶಿಶಿರನಿದ್ರೆಗೆ ಪ್ರತ್ಯಕ್ಷ ದೃಷ್ಟಾಂತವೊಂದು ವಾಸಿಸುತ್ತಿತ್ತು. ಆತನ ಸೋದರತ್ತೆಯಾದ ರೆಬೆಕ್ಕಾ ಸ್ನೂಕಳು ಸಸೆಕ್ಸಿನ ರಿಂಗ್ಮರ್ ಎಂಬಲ್ಲಿ ಸುಮಾರು ನಲವತ್ತು ವರ್ಷಗಳ ಕಾಲ ಒಂದು ಆಮೆಯನ್ನು ಸಾಕಿದ್ದಳು. ಟಿಮೊತಿ ಎಂದು ಅದರ ಹೆಸರು. ೧೭೮೦ರ ಮಾರ್ಚಿಯಲ್ಲಿ ಆಕೆಯು ತೀರಿಕೊಂಡ ಮೇಲೆ ವೈಟನು ಅದನ್ನು ಚಳಿಗಾಲದ ಬಿಲದಿಂದ ಅಗೆದು ತೆಗೆಸಿ, ಮಣ್ಣು ತುಂಬಿದ ಪೆಟ್ಟಿಗೆಯಲ್ಲಿಟ್ಟು, ಎಂಬತ್ತು ಮೈಲಿ ಬಂಡಿಯಲ್ಲಿ ಸಾಗಿಸಿ ಸೆಲ್ಬರ್ನಿಗೆ ತಂದನು. ದಾರಿಯ ಕುಲುಕಾಟಕ್ಕೆ ಎಚ್ಚತ್ತ ಆಮೆಯು ಹೊಸ ತೋಟದಲ್ಲಿ ಎರಡು ಸಲ ಅತ್ತಿಂದಿತ್ತ ನಡೆದು, ಸಂಜೆಯ ತಂಪು ತಗಲಿದೊಡನೆ ಮತ್ತೆ ಮಣ್ಣಿನಲ್ಲಿ ಹೂತುಕೊಂಡಿತು. ಅಲ್ಲಿಂದ ಮುಂದೆ ವರ್ಷಂಪ್ರತಿ ಅದು ನವೆಂಬರಿನಲ್ಲಿ ಮರೆಯಾಗುವುದನ್ನೂ ಏಪ್ರಿಲಿನ ನಡುವಿನಲ್ಲಿ ಹೊರಬರುವುದನ್ನೂ ಆತನು ಬರೆದಿಟ್ಟನು. ತಕ್ಕಡಿಯಲ್ಲಿ ತೂಗಿಯೂ ನೋಡಿದನು. ಬಾವಲಿಗಳು ಶಿಶಿರನಿದ್ರೆಯಲ್ಲಿದ್ದರೂ ಉಷ್ಣವು ಫ್ಯಾರನ್‌ಹೀಟಿನ ೫೦ ಅಂಶವನ್ನು ಮೀರಿದ ಸಂಜೆಗಳಲ್ಲಿ ಹೊರಗೆ ಹಾರುವುದನ್ನೂ ಆತನು ಗುರುತಿಸಿದ್ದನು.

ಆಮೆಯ ಮರೆಯಾಗುವ ಕಾಲವೂ ಕವಲುತೋಕೆಗಳ ಮರೆಯಾಗುವ ಕಾಲವೂ ಹತ್ತಿರಹತ್ತಿರ; ಹೊರಬರುವ ಕಾಲವೂ ಹಾಗೆಯೇ. ಬಾವಲಿಯಂತೆ ಕವಲುತೋಕೆಯೂ ಬೆಚ್ಚನೆಯ ನವೆಂಬರಿನ ದಿನದಲ್ಲಿ ಇದ್ದಕ್ಕಿದ್ದಂತೆ ಕಾಣಿಸುತ್ತದೆ. ಇಷ್ಟು ಸಾದೃಶ್ಯವನ್ನು ದಿನವೂ ಕಣ್ಣೆದುರಿಗೆ ಕಂಡವನಿಗೆ ಅನುಮಾನವು ತಾನಾಗಿಯೇ ಹೊಳೆಯುವುದು. ಚಳಿಗಾಲದಲ್ಲಿ ಕಾಣದೆ ಹೋಗುವುದು ಹೇತು. ಅಡಗಿ ಮಲಗಿರುವುದು ಸಾಧ್ಯ. ಆಮೆಯೂ ಬಾವಲಿಯೂ ದೃಷ್ಟಾಂತ.

ನೈಯಾಯಿಕರ ದೃಷ್ಟಿಯಿಂದ ಈ ಹೇತುವು ಸವ್ಯಭಿಚಾರವೆಂಬ ದೋಷಕ್ಕೆ ಒಳಗಾಗಿದೆ. ಕಾಣದೆ ಹೋಗುವುದು ಅಡಗಿದವುಗಳಲ್ಲಿಯೂ ಉಂಟು, ದೂರ ಹೋದವುಗಳಲ್ಲಿಯೂ ಉಂಟು. ಇದಕ್ಕೆ ಬೇಕಾದ ಪ್ರತಿದೃಷ್ಟಾಂತವೂ ವೈಟನ ದಿನಚರಿಯಲ್ಲಿಯೇ ಇದ್ದಿತು. ಫೀಲ್ಡ್‌ಫೇರ್ ಮತ್ತು ರೆಡ್‌ವಿಂಗ್ ಎಂಬ ಹಕ್ಕಿಗಳು ಶರತ್ಕಾಲದಲ್ಲಿ ಇಂಗ್ಲೆಂಡಿಗೆ ಬಂದು, ಶಿಶಿರವನ್ನು ಅಲ್ಲಿ ಕಳೆದು, ವಸಂತದಲ್ಲಿ ಮರೆಯಾಗುತ್ತವೆ. ಅವು ಬೇಸಗೆಯಲ್ಲಿ ಮಲಗುವುವೆಂದು ಯಾರೂ ವಾದಿಸಲಿಲ್ಲ. ಉತ್ತರದೇಶಗಳಲ್ಲಿ ಗೂಡು ಕಟ್ಟುವುದನ್ನು ಅಲ್ಲಿಯವರು ಬಲ್ಲವರಾಗಿದ್ದರು. ಇನ್ನೂ ಬಲವಾದ ಬಾಧಕವೆಂದರೆ ಸ್ವಿಫ್ಟ್ ಹಕ್ಕಿ. ಅದು ಆಗಸ್ಟಿನ ಆರಂಭದಲ್ಲಿಯೇ, ಬಿಸಿಲೂ ಹುಳುಗಳೂ ಸಮೃದ್ಧವಾಗಿರುವಾಗಲೇ, ಹೊರಟುಹೋಗುವುದನ್ನು ವೈಟನೇ ಕಂಡು ಬೆರಗಾಗಿದ್ದನು. ಚಳಿಯೇ ಕಾರಣವಾದರೆ ಬೇಸಗೆಯಲ್ಲಿ ಮರೆಯಾಗುವುದೇಕೆ? ದಿನಚರಿಯು ಉತ್ತರವನ್ನು ಕೊಡುತ್ತಿದ್ದಿತು. ದಿನಚರಿಯನ್ನು ಬರೆದವನು ಅತ್ತ ಪೂರ್ಣವಾಗಿ ಕಿವಿಗೊಡಲಿಲ್ಲ. ಆದರೂ ಆತನ ಕಾಲದಲ್ಲಿ ಕವಲುತೋಕೆಯ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಕಂಡವರು ಯಾರೂ ಇರಲಿಲ್ಲ. ಆಮೆಯಾದರೋ ಕಾಲಬಳಿಯಲ್ಲಿಯೇ ಇದ್ದಿತು. ಕಣ್ಣೆದುರಿಗಿನ ದೃಷ್ಟಾಂತವು ದೂರದ ಸತ್ಯವನ್ನು ಮರೆಮಾಡುವುದು ವಿದ್ವತ್ಪ್ರಪಂಚದಲ್ಲಿ ಅಪೂರ್ವವಲ್ಲ.

ವೈಟನು ಊಹೆಯಲ್ಲಿಯೇ ನಿಲ್ಲಲಿಲ್ಲವೆಂಬುದು ಆತನಿಗೆ ಗೌರವವನ್ನು ತರುವ ಸಂಗತಿ. ೧೭೮೧ರ ಏಪ್ರಿಲಿನಲ್ಲಿ ಆತನು ಕೂಲಿಯಾಳುಗಳನ್ನು ಹಚ್ಚಿ, ಹಿಂದಿನ ಶರತ್ತಿನಲ್ಲಿ ಹೌಸ್ ಮಾರ್ಟಿನ್ ಎಂಬ ಕವಲುತೋಕೆಯ ಜಾತಿಯು ತಡವಾಗಿ ಸುಳಿದಾಡಿದ್ದ ಹ್ಯಾಂಗರ್ ಗುಡ್ಡದ ಪೊದೆಗಳನ್ನೂ ಸಂದುಗಳನ್ನೂ ಶೋಧಿಸಿದನು. ಮಲಗಿದ ಹಕ್ಕಿ ಒಂದೂ ದೊರೆಯಲಿಲ್ಲ. ಶೋಧನೆಯು ನಡೆಯುತ್ತಿದ್ದ ಕಾಲದಲ್ಲಿಯೇ ಆ ವರ್ಷದ ಮೊದಲ ಮಾರ್ಟಿನ್ ಹಕ್ಕಿಯು ಊರಿನ ಬೀದಿಯಲ್ಲಿ ಹಾರಿಬಂದು, ನೇರವಾಗಿ ತನ್ನ ಹಳೆಯ ಗೂಡನ್ನು ಹೊಕ್ಕು, ಕ್ಷಣಕಾಲವಿದ್ದು ಹಾರಿಹೋಯಿತು.

ಇಲ್ಲಿ ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಪ್ರತ್ಯೇಕ ಪ್ರಮಾಣವೆಂದು ಒಪ್ಪುವ ಅನುಪಲಬ್ಧಿಯ ವಿಚಾರವು ಬರುತ್ತದೆ. ಕಾಣದಿದ್ದ ಮಾತ್ರಕ್ಕೆ ವಸ್ತುವಿಲ್ಲವೆಂದು ಹೇಳಲಾಗದು. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆಯಿದ್ದಾಗ ಮಾತ್ರವೇ ಕಾಣದಿರುವುದು ಅಭಾವಕ್ಕೆ ಪ್ರಮಾಣ. ಬೆಳಕಿನಲ್ಲಿ ಮೇಜಿನ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ನಿರ್ಣಯಿಸಲಾಗದು. ಒಂದು ಗುಡ್ಡದ ಒಂದು ಮೂಲೆಯನ್ನು ಅಗೆದು ಏನೂ ಸಿಕ್ಕದಿದ್ದುದರಿಂದ ಇಂಗ್ಲೆಂಡಿನಲ್ಲಿ ಎಲ್ಲಿಯೂ ಕವಲುತೋಕೆ ಮಲಗಿಲ್ಲವೆಂದು ಸಾಧಿಸಲಾಗದೆಂದು ವೈಟನು ಭಾವಿಸಿದುದು ನ್ಯಾಯವಾಗಿಯೇ ಇದೆ. ಸಂದೇಹವನ್ನು ಸಂದೇಹವೆಂದೇ ಬರೆದಿಟ್ಟು, ಸಿಕ್ಕಲಿಲ್ಲವೆಂಬುದನ್ನೂ ದಿನಾಂಕ ಸಹಿತವಾಗಿ ದಾಖಲಿಸಿದುದು ಮುಂದಿನವರಿಗೆ ಆತನು ಮಾಡಿದ ಉಪಕಾರ. ಕುತೂಹಲಕ್ಕಾಗಿ ಒಂದು ಮಾತು: ಗಂಡು ಹೆಸರನ್ನು ಹೊತ್ತ ಟಿಮೊತಿಯು ೧೭೯೪ರಲ್ಲಿ ಸತ್ತ ಮೇಲೆ, ಅದರ ಚಿಪ್ಪನ್ನು ಪರೀಕ್ಷಿಸಿದವರು ಅದು ಹೆಣ್ಣೆಂದು ನಿರ್ಣಯಿಸಿದರು. ಆ ಚಿಪ್ಪು ಲಂಡನ್ನಿನ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿದೆ.

೬

ಪ್ರಶ್ನೆಯು ತೀರ್ಮಾನವಾದುದು ವೈಟನು ಸತ್ತು ಒಂದು ಶತಮಾನ ಕಳೆದ ಮೇಲೆ. ೧೮೨೨ರಲ್ಲಿ ಜರ್ಮನಿಯ ಮೆಕ್ಲೆನ್‌ಬರ್ಗ್ ಪ್ರಾಂತದಲ್ಲಿ ಕೊಂದ ಕೊಕ್ಕರೆಯೊಂದರ ಕತ್ತಿನಲ್ಲಿ ಆಫ್ರಿಕದ ಈಟಿಯೊಂದು ನಾಟಿಕೊಂಡಿದ್ದಿತು. ಅದು ದೂರದೇಶದ ವಲಸೆಗೆ ಮೂಕಸಾಕ್ಷಿಯಾಯಿತು. ೧೮೯೯ರಲ್ಲಿ ಡೆನ್ಮಾರ್ಕಿನ ಉಪಾಧ್ಯಾಯನಾದ ಮಾರ್ಟೆನ್‌ಸೆನ್ ಎಂಬಾತನು ಅಂಕೆಯನ್ನು ಕೆತ್ತಿದ ಅಲ್ಯುಮಿನಿಯಂ ಉಂಗುರಗಳನ್ನು ಹಕ್ಕಿಗಳ ಕಾಲಿಗೆ ತೊಡಿಸುವ ಕ್ರಮವನ್ನು ತೊಡಗಿದನು. ಇಂಗ್ಲೆಂಡಿನಲ್ಲಿ ಈ ಕೆಲಸವು ೧೯೦೯ರಲ್ಲಿ ಆರಂಭವಾಯಿತು. ೧೯೧೧ರ ಮೇ ತಿಂಗಳಲ್ಲಿ ಸ್ಟಾಫರ್ಡ್‌ಷೈರಿನ ಚೀಡಲ್ ಎಂಬ ಊರಿನಲ್ಲಿ ಜಾನ್ ಮೇಸ್‌ಫೀಲ್ಡ್ ಎಂಬ ವಕೀಲನು ತನ್ನ ಮನೆಯಲ್ಲಿ ಗೂಡು ಕಟ್ಟಿದ್ದ ಒಂದು ಕವಲುತೋಕೆಗೆ ಉಂಗುರವನ್ನು ತೊಡಿಸಿದನು. ೧೯೧೨ರ ಡಿಸೆಂಬರ್ ೨೩ರಂದು ಅದೇ ಹಕ್ಕಿಯು ದಕ್ಷಿಣ ಆಫ್ರಿಕದ ನೇಟಾಲ್ ಪ್ರಾಂತದಲ್ಲಿ ಸಿಕ್ಕಿತು. ಒಂದು ಹಿತ್ತಿಲಿನಲ್ಲಿ ಕಾಣದಾದುದು ಮತ್ತೊಂದು ಹಿತ್ತಿಲಿನಲ್ಲಿ ಕಂಡಿತು. ಚಾಫಿಂಚ್ ಹಕ್ಕಿಯ ಪ್ರಕರಣದಲ್ಲಿ ದೊರೆತಿದ್ದ ಬೀಗದ ಕೈಯಿಂದಲೇ ಈ ಬಾಗಿಲೂ ತೆರೆಯಿತು. ನವೆಂಬರಿನ ಹಕ್ಕಿಗಳು ತಡವಾಗಿ ಹುಟ್ಟಿ ತಡವಾಗಿ ಹೊರಟ ಮರಿಗಳು, ಇಲ್ಲವೆ ಇನ್ನೂ ಉತ್ತರದಿಂದ ಹಾದುಹೋಗುವವು. ಏಪ್ರಿಲಿನ ಚಳಿಯಲ್ಲಿ ಮರೆಯಾದವು ಹುಳುಗಳಿರುವ ನೀರಿನ ಬಯಲುಗಳಿಗೆ ಸರಿದವು.

ಕಥೆಯು ಇಷ್ಟಕ್ಕೆ ಮುಗಿಯುವುದಿಲ್ಲ. ೧೯೪೬ರ ಡಿಸೆಂಬರಿನಲ್ಲಿ ಎಡ್ಮಂಡ್ ಜೇಗರ್ ಎಂಬ ವಿಜ್ಞಾನಿಯು ಕ್ಯಾಲಿಫೋರ್ನಿಯದ ಮರುಭೂಮಿಯ ಬೆಟ್ಟದಲ್ಲಿ, ನಮ್ಮ ನತ್ತಿಂಗ ಹಕ್ಕಿಯ ಬಳಗಕ್ಕೆ ಸೇರಿದ ಪೂರ್‌ವಿಲ್ ಎಂಬ ಹಕ್ಕಿಯು ಬಂಡೆಯ ಪೊಟರೆಯಲ್ಲಿ ಜಡವಾಗಿ ಶಿಶಿರನಿದ್ರೆ ಮಾಡುತ್ತಿದ್ದುದನ್ನು ಕಂಡನು. ಹಕ್ಕಿಯು ಶಿಶಿರನಿದ್ರೆ ಮಾಡುವುದು ಅಸಂಭವವಲ್ಲವೆಂದು ಹೀಗೆ ಸಿದ್ಧವಾಯಿತು. ವೈಟನು ಹುಡುಕಿದುದು ಪ್ರಪಂಚದಲ್ಲಿ ಇದ್ದಿತು. ಆದರೆ ಬೇರೆ ಖಂಡದಲ್ಲಿ, ಬೇರೆ ಹಕ್ಕಿಯಲ್ಲಿ. ಆತನ ಸಂದೇಹವನ್ನು ಹಾಸ್ಯ ಮಾಡುವವರು ಇದನ್ನು ಮರೆಯಬಾರದು.

೭

ಇಂತಹ ದಾಖಲೆಗಳ ಪ್ರಯೋಜನವು ವಿವಾದದ ನಿರ್ಣಯಕ್ಕೆ ಮಾತ್ರ ಸೀಮಿತವಲ್ಲ. ವೈಟನು ಕೊನೆಯ ವರ್ಷಗಳಲ್ಲಿ ನಾರ್ಫೋಕಿನ ರಾಬರ್ಟ್ ಮಾರ್ಷಮ್ ಎಂಬಾತನೊಡನೆ ಪತ್ರವ್ಯವಹಾರ ನಡೆಸಿದನು. ಈತನು ವಸಂತಾಗಮನದ ಚಿಹ್ನೆಗಳನ್ನು ೧೭೩೬ರಿಂದ ಬರೆಯಲು ಆರಂಭಿಸಿದನು. ಆತನ ಮನೆತನದವರು ತಲೆಮಾರುಗಳ ಕಾಲ ಅದನ್ನು ಮುಂದುವರಿಸಿ ೧೯೫೮ರವರೆಗೆ ತಂದರು. ೧೯೯೫ರಲ್ಲಿ ಪ್ರಕಟವಾದ ಸ್ಪಾರ್ಕ್ಸ್ ಮತ್ತು ಕೇರಿಯವರ ಪ್ರಬಂಧವು ಈ ಪಟ್ಟಿಯನ್ನೇ ಆಧರಿಸಿ, ಹವೆಯ ಬದಲಾವಣೆಗೆ ಗಿಡಗಳೂ ಪ್ರಾಣಿಗಳೂ ಎರಡು ಶತಮಾನಗಳಲ್ಲಿ ಹೇಗೆ ಸ್ಪಂದಿಸಿದುವೆಂದು ವಿಚಾರಿಸಿದೆ. ಮೊದಲು ಬರೆದವನು ಇಂತಹ ಪ್ರಯೋಜನವನ್ನು ಊಹಿಸಿರಲಾರನು. ಇಲ್ಲಿ ಕಾಲಗಣನೆಯ ತೊಡಕೂ ಉಂಟು: ಇಂಗ್ಲೆಂಡಿನಲ್ಲಿ ೧೭೫೨ರ ಸೆಪ್ಟೆಂಬರಿನಲ್ಲಿ ಪಂಚಾಂಗವನ್ನು ತಿದ್ದಿ ೧೧ ದಿನಗಳನ್ನು ಬಿಟ್ಟರು. ಅದಕ್ಕೆ ಹಿಂದಿನ ದಿನಾಂಕಗಳನ್ನು ಮುಂದಿನವುಗಳೊಡನೆ ಹಾಗೆಯೇ ಹೋಲಿಸಿದರೆ ವಸಂತವೇ ಹನ್ನೊಂದು ದಿನ ಜಾರುತ್ತದೆ. ಶಕವರ್ಷವನ್ನು ಕ್ರಿಸ್ತವರ್ಷಕ್ಕೆ ಹೊಂದಿಸುವ ನಮ್ಮ ಶಾಸನತಜ್ಞರಿಗೆ ಈ ತೊಡಕು ಹೊಸದಲ್ಲ.

ಒಬ್ಬೊಬ್ಬರ ದಿನಚರಿಯ ಕೆಲಸವನ್ನು ಇಂದು ಸಹಸ್ರಾರು ಜನರು ಹಂಚಿಕೊಂಡಿದ್ದಾರೆ. ಬ್ರಿಟನ್ನಿನಲ್ಲಿ ೧೯೭೯ರಿಂದ ಜನವರಿಯ ಕೊನೆಯಲ್ಲಿ ಮನೆಯ ತೋಟದ ಹಕ್ಕಿಗಳ ಎಣಿಕೆ ನಡೆಯುತ್ತಿದೆ. ಮೊದಲು ಮಕ್ಕಳಿಗಾಗಿ ತೊಡಗಿದ ಈ ಎಣಿಕೆಯಿಂದಲೇ, ತೋಟಗಳಲ್ಲಿ ಕಾಣುವ ಗುಬ್ಬಿಗಳ ಸಂಖ್ಯೆ ಅರ್ಧಕ್ಕಿಂತಲೂ ಕಡಮೆಯಾಗಿರುವುದು ತಿಳಿಯಿತು. ಉತ್ತರ ಅಮೆರಿಕದಲ್ಲಿ ೧೯೯೮ರಲ್ಲಿ ಆರಂಭವಾದ ಫೆಬ್ರವರಿಯ ನಾಲ್ಕು ದಿನಗಳ ಹಿತ್ತಿಲ ಹಕ್ಕಿಗಳ ಎಣಿಕೆಯು ೨೦೧೩ರಿಂದ ಪ್ರಪಂಚವ್ಯಾಪಿಯಾಯಿತು. ಆ ವರ್ಷದಿಂದ ಭಾರತದವರೂ ಸೇರಿದ್ದಾರೆ, ಕನ್ನಡನಾಡಿನವರೂ ಸೇರಿದ್ದಾರೆ.

ನಮ್ಮ ನಾಡಿಗೆ ಈ ವಿಷಯದಲ್ಲಿ ವಿಶೇಷವಾದ ಸ್ಥಾನವಿದೆ. ವೈಟನ ಹಿತ್ತಿಲು ಹಕ್ಕಿಗಳು ಹೊರಟುಹೋಗುವ ಹಿತ್ತಿಲು. ನಮ್ಮದು ಚಳಿಗಾಲದಲ್ಲಿ ಹಕ್ಕಿಗಳು ಬಂದು ಸೇರುವ ಹಿತ್ತಿಲು. ಇಂಗ್ಲೆಂಡಿನ ಕವಲುತೋಕೆಗಳು ಆಫ್ರಿಕಕ್ಕೆ ಹೋಗುತ್ತವೆ; ಆದರೆ ಅದೇ ಜಾತಿಯ, ಹಿಮಾಲಯದಲ್ಲಿಯೂ ಉತ್ತರ ಏಷ್ಯದಲ್ಲಿಯೂ ಗೂಡು ಕಟ್ಟುವ ಕವಲುತೋಕೆಗಳು ಚಳಿಗಾಲದಲ್ಲಿ ನಮ್ಮ ಕೆರೆಗಳ ಮೇಲೆ ಹಾರಾಡುತ್ತವೆ. ಬೂದು ಸಿಪಿಲೆಯೂ ಹಾಗೆಯೇ ಉತ್ತರದಿಂದ ಬಂದು ಶಿಶಿರ ಕಳೆದು ಹಿಂದಿರುಗುತ್ತದೆ. ಅಲ್ಲಿಯವರು ಎಲ್ಲಿ ಹೋದವೆಂದು ಕೇಳುವ ಪ್ರಶ್ನೆಗೆ ಇಲ್ಲಿಯವರು ಉತ್ತರವನ್ನು ಬರೆಯಬಲ್ಲರು. ಇಲ್ಲಿಯವರು ಹೋದ ದಿನವನ್ನು ಬರೆದಿಡದಿದ್ದರೆ ಅಲ್ಲಿಯವರ ದಿನಚರಿಯೂ ಅರ್ಧವಾಗಿಯೇ ಉಳಿಯುವುದು.

ನಮ್ಮ ಕಾವ್ಯಗಳಲ್ಲಿ ಋತುವರ್ಣನೆಗೆ ಕೊರತೆಯಿಲ್ಲ. ಅಷ್ಟಾದಶ ವರ್ಣನೆಗಳಲ್ಲಿ ಅದಕ್ಕೆ ಖಚಿತವಾದ ಸ್ಥಾನವಿದೆ. ಆದರೆ ಅದರಲ್ಲಿ ಎಷ್ಟು ಭಾಗ ಕಣ್ಣಿನಿಂದ ಬಂದುದು, ಎಷ್ಟು ಭಾಗ ಕವಿಸಮಯದಿಂದ ಬಂದುದು ಎಂಬುದನ್ನು ಬೇರ್ಪಡಿಸಲು ನಮ್ಮಲ್ಲಿ ಒರೆಗಲ್ಲು ಬೇಕು. ಕೋಗಿಲೆಯು ಬೇರೆ ಋತುಗಳಲ್ಲಿ ಕೂಗಿದರೂ ವಸಂತದಲ್ಲಿಯೇ ಕೂಗುವುದೆಂದು ವರ್ಣಿಸುವುದು, ನವಿಲಿನ ನೃತ್ಯವನ್ನು ಮಳೆಗಾಲಕ್ಕೇ ಕಟ್ಟುವುದು ಕವಿಗಳ ನಿಯಮವೆಂದು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಮರೆಮಾಚದೆ ಹೇಳಿದ್ದಾನೆ. ಈ ಮಾತನ್ನು ಹೇಳಬೇಕಾದರೆ ಕೋಗಿಲೆಯು ಬೇರೆ ಕಾಲದಲ್ಲಿ ಕೂಗುವುದನ್ನು ಯಾರೋ ಕೇಳಿರಲೇಬೇಕು. ಸಂಪ್ರದಾಯವನ್ನು ಸಂಪ್ರದಾಯವೆಂದು ಗುರುತಿಸುವುದಕ್ಕೂ ಹಿತ್ತಿಲಿನ ಕಿವಿಯೇ ಆಧಾರ. ಪ್ರಾಂತಪ್ರಾಂತಗಳ ಹಕ್ಕಿಗಳ ಬರಹೋಗುಗಳ ಪಟ್ಟಿಗಳು ನಮ್ಮಲ್ಲಿ ಸಿದ್ಧವಾದರೆ, ಯಾವ ಕವಿಯು ತಾನು ಕಂಡುದನ್ನು ಬರೆದನು, ಯಾವನು ಪೂರ್ವಕವಿಯನ್ನು ನಕಲು ಮಾಡಿದನು ಎಂಬ ವಿಚಾರಕ್ಕೆ ಹೊಸ ಬೆಳಕು ಬೀಳುವುದರಲ್ಲಿ ಸಂದೇಹವಿಲ್ಲ.

ಈ ಕೆಲಸಕ್ಕೆ ಧನವೂ ಪದವಿಯೂ ಬೇಕಾಗಿಲ್ಲ. ಮುಖ್ಯ ಪಾದ್ರಿಯ ಪದವಿ ದೊರೆಯದ ಒಬ್ಬ ಉಪಪಾದ್ರಿಯು ಅಂಕಣ ಹಾಕಿದ ಪುಸ್ತಕವನ್ನು ತಪ್ಪದೆ ತುಂಬಿದುದರಿಂದ ಇದು ಸಾಧ್ಯವಾಯಿತು. ನಮ್ಮ ಶಾಲೆಗಳ ಉಪಾಧ್ಯಾಯರು ತಂತಮ್ಮ ಊರುಗಳಲ್ಲಿ ಮಾಘ ಫಾಲ್ಗುಣಗಳ ಎರಡು ತಿಂಗಳು ಮಾತ್ರವಾದರೂ, ಕಂಡುದನ್ನು ಕಂಡಂತೆಯೂ ಕೇಳಿದುದನ್ನು ಕೇಳಿದಂತೆಯೂ ಬೇರೆಬೇರೆಯಾಗಿ ಬರೆದು, ಕಾಣದ ದಿನಗಳ ಮನೆಯನ್ನು ಕಾಣಲಿಲ್ಲವೆಂದು ತುಂಬಿ, ದಿನಾಂಕವನ್ನು ಹಾಕಿ ಇಟ್ಟರೆ, ಹಿತ್ತಲ ಗಿಡವು ಮದ್ದೇ ಎಂಬುದನ್ನು ಮುಂದಿನ ತಲೆಮಾರಿನ ಸಂಶೋಧಕರು ತಾವಾಗಿಯೇ ಕಂಡುಕೊಳ್ಳುವರು.